ಮಗಳಿಗೊಂದು ಪತ್ರ: ಜಾತ್ರೆ ಬರೆದ ಪರದೇಶಿ

ಪುಟ್ಟಿ,

ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಪಟಾಕಿ ನೋಡಲು ಹೋಗಿ, "ಅದು ಅವರ ಹಬ್ಬ ಅಪ್ಪಾ, ನಾನು ಸುಮ್ಮನೆ ಒಂದು ಪಕ್ಕ ನಿಂತಿದ್ದೆ" ಅಂದೆಯಲ್ಲ, ಆಗಿನಿಂದ ಚಿತ್ರಕಾರ ಕ್ರಿಮ್ಮೆಲ್ ನೆನಪಾಗುತ್ತಿದ್ದಾನೆ.

ಜಾನ್ ಲೂಯಿಸ್ ಕ್ರಿಮ್ಮೆಲ್ ಜರ್ಮನಿಯ ಎಬಿಂಗನ್ ಊರಿನವನು. 1809ರಲ್ಲಿ, 23ನೇ ವಯಸ್ಸಿಗೆ, ಒಡಹುಟ್ಟಿದವನ ವ್ಯಾಪಾರಕ್ಕೆಂದು ನಿನ್ನ ಫಿಲಡೆಲ್ಫಿಯಾಕ್ಕೇ ಬಂದ. ವ್ಯಾಪಾರ ಒಗ್ಗಲಿಲ್ಲ, ಕುಂಚ ಹಿಡಿದ.

ನೀನು ರೈಲು ಬದಲಿಸುವ ಸಿಟಿ ಹಾಲ್ ಇದೆಯಲ್ಲ, ಆಗ ಅಲ್ಲಿದ್ದದ್ದು ಸೆಂಟರ್ ಸ್ಕ್ವೇರ್ ಎಂಬ ಬಯಲು. ನಡುವೆ ಗುಮ್ಮಟದ ಪಂಪ್‌ಹೌಸ್. ನದಿಯ ನೀರನ್ನು ಉಗಿಯಂತ್ರದಿಂದ ಎತ್ತಿ, ಕೊರೆದ ಮರದ ದಿಮ್ಮಿಗಳಲ್ಲಿ ಊರಿಗೆ ಹರಿಸುತ್ತಿದ್ದರು. ಅದರೆದುರು ವಿಲಿಯಂ ರಶ್ ಮರದಲ್ಲಿ ಕೆತ್ತಿದ ಹೆಣ್ಣು, ಅವಳ ಹೆಗಲಿನ ಹಕ್ಕಿಯ ಕೊಕ್ಕಿನಿಂದ ಕಾರಂಜಿ. ಕ್ರಿಮ್ಮೆಲ್ 1812ರಲ್ಲಿ ಬರೆದ ಸ್ವಾತಂತ್ರ್ಯ ದಿನಾಚರಣೆ ಇಲ್ಲಿಯದೇ. ತೆಳು ಗೌನಿನ ಹುಡುಗಿಯರು, ಅವರ ಜೊತೆಯಲ್ಲೇ ಸಾದಾ ಉಡುಪಿನ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮಂದಿ. ಯಾರು ಯಾರನ್ನು ಹೇಗೆ ನೋಡುತ್ತಿದ್ದಾರೆ ಅನ್ನುವುದೇ ಅವನಿಗೆ ಹಬ್ಬ.

1819ರ ಜಲವರ್ಣದಲ್ಲಿ ಅದೇ ಬಯಲು ಥೇಟ್ ನಮ್ಮ ಜಾತ್ರೆ. ಗುಡಾರಗಳು, ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಪಟ, ಕುಡಿದು ತೂರಾಡುವವರು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಹೇಳುತ್ತಿದ್ದೇನೆ, ಗುಂಪು ಬರೆಯುವುದು ಸುಲಭವಲ್ಲ. ತಲೆಗಳು ಸಂತೆಯಲ್ಲಿ ಜೋಡಿಸಿದ ಮಡಕೆಗಳಾಗಿಬಿಡುತ್ತವೆ. ಇವನಲ್ಲಿ ಒಂದೊಂದು ತಲೆಗೂ ಒಂದೊಂದು ಕೆಲಸ.

ಆದರೆ ಆ ಸಂಭ್ರಮ ಎಲ್ಲರದೂ ಆಗಿರಲಿಲ್ಲ. ಅದೇ ಊರಿನ ಹಾಯಿ ತಯಾರಕ, ಕಪ್ಪು ಜನರ ಮುಖಂಡ ಜೇಮ್ಸ್ ಫೋರ್ಟನ್ 1813ರಲ್ಲೇ ಬರೆದಿದ್ದಾನೆ: ಇಂಥ ಸಂಭ್ರಮದ ದಿನ ಮಧ್ಯಾಹ್ನ ಹನ್ನೆರಡು ದಾಟಿದರೆ ತಮ್ಮವರು ಬಯಲಿನ ಕಡೆ ತಲೆಹಾಕುವಂತಿಲ್ಲ ಅಂತ. ಕ್ರಿಮ್ಮೆಲ್‌ನ 1811ರ ಇನ್ನೊಂದು ಚಿತ್ರದ ನಟ್ಟನಡುವೆ ಮಾರುಕಟ್ಟೆಯಲ್ಲಿ ಸೂಪು ಬಡಿಸುತ್ತಿರುವ ಕಪ್ಪು ಹೆಂಗಸಿದ್ದಾಳೆ. ಅವಳನ್ನು ಹಬ್ಬದ ಚಿತ್ರದ ಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ ನನಗೆ.

ಕ್ರಿಮ್ಮೆಲ್ 1821ರ ಜುಲೈನಲ್ಲಿ ಗಿರಣಿ ಕೆರೆಯೊಂದರಲ್ಲಿ ಮುಳುಗಿ ಹೋದ, ಪಾಪ. 35 ವರ್ಷ.

1812ರ ಚಿತ್ರ ಪೆನ್ಸಿಲ್ವೇನಿಯಾ ಅಕಾಡೆಮಿ ಎಂಬ ಕಲಾಸಂಸ್ಥೆಯ ಸಂಗ್ರಹದಲ್ಲಿದೆ, ಸಿಟಿ ಹಾಲ್‌ನಿಂದ ನಡೆದೇ ಹೋಗಬಹುದು. ಪ್ರದರ್ಶನಕ್ಕಿಟ್ಟಿದ್ದಾರಾ ಅಂತ ಮೊದಲು ಕೇಳಿಕೋ. ಎರಡೂವರೆ ಅಡಿ ಅಗಲವೂ ಇಲ್ಲ, ಹತ್ತಿರ ಹೋಗಿ ನೋಡು. ಮರಗಳ ನೆರಳಿಗೆ ಯಾವ ಬಣ್ಣ ಹಾಕಿದ್ದಾನೆ ಅಂತ ನನಗೆ ಹೇಳಬೇಕು. ನನ್ನ ಹತ್ತಿರ ಇರುವ ಪ್ರಿಂಟ್‌ನಲ್ಲಿ ಎಲ್ಲಾ ಕಂದು.

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ.

ನಿನ್ನ,
ಅಪ್ಪ