ಕೆರೂರಿನ ತನಕ ಕರೆದೊಯ್ದವರಿಗೆ

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಮನೆತನದವರೆಲ್ಲ ಸೇರಿ ವಂಶಾವಳಿ ಓದಿದೆವು. ಅಪ್ಪನ ಅಜ್ಜಿಯಿಂದ ಹಿಡಿದು ಈಗ ಪುಣೆ, ಮಸ್ಕತ್ತಿನಲ್ಲಿರುವ ಮರಿಮಕ್ಕಳವರೆಗೆ. ಊಟಕ್ಕೆ ಕೂತಾಗ, ‘ಇಷ್ಟೆಲ್ಲ ನೀನೊಬ್ಬಳೇ ಹುಡುಕಿದಿ ಏನ?’ ಎಂದು ನಾಲ್ಕಾರು ಮಂದಿ ಕೇಳಿದರು. ನನ್ನೊಬ್ಬಳಿಂದ ಆಗುವ ಕೆಲಸವಲ್ಲ ಇದು. ಯಾರ್ಯಾರು ಕೈ ಹಿಡಿದು ದಾರಿ ತೋರಿಸಿದರು ಎಂಬುದನ್ನು ನಾಲ್ಕು ಜನರ ಮುಂದೆ ಹೇಳಬೇಕು, ಅದಕ್ಕೇ ಈ ಬರಹ. ಹೆಸರುಗಳನ್ನು ಮಾತ್ರ ಹಾಕುತ್ತಿಲ್ಲ. ಮುತ್ತಜ್ಜಿಯ ಹೆಸರನ್ನೂ ಕೂಡ. ಮನೆಯ ಹಿರಿಯರು ಬೇಡ ಎಂದಿದ್ದಾರೆ.

ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಮಾತು ಒಂದೇ: ‘ಮುತ್ತಜ್ಜಿ ಧಾತು ಬರದಾಗ ಮಿಶನ್ನವರಿಗೆ ಸಿಕ್ಕ ಕೂಸು.’ ಮಿಶನ್ನವರೆಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನ ಕ್ರೈಸ್ತ ಮಿಶನ್ನಿನವರು. ಎಲ್ಲಿಯವಳು, ಯಾರ ಮಗಳು, ಯಾರಿಗೂ ಗೊತ್ತಿರಲಿಲ್ಲ. ಧಾತು ಸಂವತ್ಸರ ಎಂದರೆ 1876-77. ಮುಂದಿನ ಈಶ್ವರ ಸಂವತ್ಸರಕ್ಕೂ ಅದೇ ಬರ ಮುಂದುವರಿಯಿತು. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದರೆ, 1881ರಲ್ಲಿ ಉಳಿದದ್ದು ಸುಮಾರು 6.4 ಲಕ್ಷ. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಬಿಡಿಸಿ ಹೇಳುವ ಪಟ್ಟಿ ಇಲ್ಲ. ಜನಗಣತಿಯವರು ಮನೆಮನೆಗೆ ಹೋಗಿ ಬರೆದ ಹಾಳೆಗಳನ್ನು ಲೆಕ್ಕ ತೆಗೆದ ಮೇಲೆ ಇಟ್ಟುಕೊಳ್ಳಲೇ ಇಲ್ಲ. ಇಂಗ್ಲೆಂಡಿನವರು ತಮ್ಮ ಮುತ್ತಜ್ಜನನ್ನು ಜನಗಣತಿಯ ಹಾಳೆಯಲ್ಲಿ ಹುಡುಕುತ್ತಾರೆ. ಅವರೇ ಇಲ್ಲಿ ಆಳಿದ ಜನರಿಗೆ ಆ ಭಾಗ್ಯವಿಲ್ಲ. ಹೊಲದ ಉತಾರ (ಪಹಣಿ) ನೋಡೋಣವೆಂದರೆ ಉತಾರದಲ್ಲಿ ಸಿಗುವವರು ಹೊಲ ಇದ್ದವರು. ಯಾರ ಮಗಳೆಂದೇ ಗೊತ್ತಿಲ್ಲದ ಹುಡುಗಿ ಅಲ್ಲೇಕೆ ಬಂದಾಳು?

ಮೊದಲು ನೆನೆಯಬೇಕಾದದ್ದು ಗುಳೇದಗುಡ್ಡದ ಕಡೆಯ ಒಬ್ಬ ನಿವೃತ್ತ ತಲಾಟಿಯವರನ್ನು (ಊರಿನ ಲೆಕ್ಕಪತ್ರ ನೋಡುವ ಗ್ರಾಮಲೆಕ್ಕಿಗರನ್ನು). ಅಂತರ್ಜಾಲದ ಸೂಚಿಗಳಲ್ಲಿ ‘ಬಾಗಲಕೋಟೆ’ ಎಂದು ಹುಡುಕುತ್ತ ಕೂತಿದ್ದ ನನಗೆ, ‘ಅಕ್ಕಾರ, ಆವಾಗ ಬಾಗಲಕೋಟಿ ಜಿಲ್ಲಾ ಎಲ್ಲಿತ್ತರಿ? ಕಲಾದಗಿ ಅಂತ ಹಾಕ್ರಿ’ ಎಂದವರು ಅವರು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ 1885ರಲ್ಲಿ ವಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಮಿಶನ್ ವರದಿಗಳಲ್ಲಿ ಇನ್ನೊಂದು ಪಜೀತಿ. ಅವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳನ್ನೆಲ್ಲ ‘ದಕ್ಷಿಣ ಮರಾಠಾ ಸೀಮೆ’ಯ ಲೆಕ್ಕಕ್ಕೆ ಹಾಕಿದ್ದರು. ಇದು ತಿಳಿದ ಮೇಲೆಯೇ ಕಡತಗಳು ಬಾಯಿ ಬಿಡತೊಡಗಿದ್ದು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ಕ್ಕೆ ಧಾರವಾಡ, 1851ಕ್ಕೆ ಗುಳೇದಗುಡ್ಡ. ಬರದಲ್ಲಿ ವಾರಸುದಾರರಿಲ್ಲದೆ ಉಳಿದ ಮಕ್ಕಳನ್ನು ತಮ್ಮ ಅನಾಥಾಲಯಗಳಿಗೆ ಸೇರಿಸಿಕೊಂಡರು. ಅವರ ಉದ್ದೇಶದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ (ನಮ್ಮ ಮನೆಯಲ್ಲೇ ಎರಡು ಪಂಗಡಗಳಿವೆ), ಬರೆದಿಡುವ ವಿಷಯದಲ್ಲಿ ಅವರು ಗಟ್ಟಿಗರು. ಆದರೆ 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧಿಸಿದಾಗ ಮಿಶನ್ನಿನ ಕೆಲಸ, ಕಾರ್ಖಾನೆಗಳೆಲ್ಲ ಬೇರೆಯವರ ಕೈಗೆ ಹೋದವು. ಕೆಲವು ಪುಸ್ತಕಗಳು ಆ ಗಡಿಬಿಡಿಯಲ್ಲಿ ಹೋದವು, ಕೆಲವನ್ನು ಗೆದ್ದಲು ತಿಂದಿತು. ಉಳಿದ ಒಂದು ರಿಜಿಸ್ಟರು ಒಂದು ಹಳೆಯ ಸಭೆಯ (ಚರ್ಚಿನ) ಕಬ್ಬಿಣದ ಕಪಾಟಿನಲ್ಲಿತ್ತು. ಬೀಗದ ಕೈ ಹಿಡಿದು, ಭಾನುವಾರದ ಆರಾಧನೆ ಮುಗಿದ ಮೇಲೆ ಊಟವನ್ನೂ ಬಿಟ್ಟು ನಮ್ಮ ಜೊತೆ ಕೂತ ಸಭಾಪಾಲಕರಿಗೂ, ಪುಟ ತಿರುವುವಾಗ ಕೆಳಗೆ ದಪ್ಪ ರಟ್ಟು ಹಿಡಿಯಬೇಕೆಂದು ಕಲಿಸಿಕೊಟ್ಟ ಅವರ ಮನೆಯವರಿಗೂ ನಾನು ಋಣಿ.

ಆ ಪುಟವನ್ನು ಸ್ವಲ್ಪ ಹೇಳಬೇಕು. ಕಂದು ಮಸಿ. ಮಸಿ ದಟ್ಟವಾಗಿದ್ದ ಕಡೆ ಕಾಗದವೇ ಸುಟ್ಟಂತಾಗಿ ಬಿರುಕು ಬಿಟ್ಟಿದೆ. ದೀಕ್ಷಾಸ್ನಾನದ ತಾರೀಖು, ಕೊಟ್ಟ ಹೆಸರು, ಅಂದಾಜು ವಯಸ್ಸು ಏಳು. ತಂದೆತಾಯಿಯ ಕಾಲಮ್ಮಿನಲ್ಲಿ ‘ಗೊತ್ತಿಲ್ಲ’. ಅಂಚಿನಲ್ಲಿ ಜರ್ಮನ್ ಭಾಷೆಯಲ್ಲಿ ಎರಡು ಸಾಲು, ಅದೂ ಕುರೆಂಟ್ ಎಂಬ ಹಳೆಯ ಮೋಡಿ ಬರಹದಲ್ಲಿ. ಈಗಿನ ಜರ್ಮನ್ನರಿಗೇ ಓದಲು ಬಾರದು. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಪರಿಚಯವಾದ ಸಂಶೋಧಕರೊಬ್ಬರು ನನ್ನನ್ನು ದಕ್ಷಿಣ ಜರ್ಮನಿಯ ಒಬ್ಬ ನಿವೃತ್ತ ಶಿಕ್ಷಕಿಗೆ ಜೋಡಿಸಿಕೊಟ್ಟರು. ಆಕೆ ಓದಿ ಹೇಳಿದ್ದು: ‘ಅಣ್ಣನ ಜೊತೆ ಬಂದವಳು. ಅಣ್ಣ ತೀರಿಕೊಂಡ.’ ಅದರ ಮುಂದೆ ಒಂದು ಊರಿನ ಹೆಸರು, ನಡುವೆ ಹುಳು ಕೊರೆದ ತೂತು. ‘ಕೆ’ ಇದೆ, ಕೊನೆಯಲ್ಲಿ ‘ಊರು’ ಇದೆ, ನಡುವಿನ ಅಕ್ಷರ ಇಲ್ಲ.

ಹುನಗುಂದದ ಕಡೆ ಕೆಲೂರು ಇದೆ. ಬಾದಾಮಿ ತಾಲೂಕಿನಲ್ಲಿ ಕೆರೂರು ಇದೆ. ಯಾವುದು?

ಶಿಕ್ಷಕಿ ಫೋಟೋವನ್ನು ದೊಡ್ಡದು ಮಾಡಿ ವಾಪಸ್ ಕಳಿಸಿದರು. ಆ ಬರವಣಿಗೆಯಲ್ಲಿ ‘ಎಲ್’ ಉದ್ದದ ಅಕ್ಷರ, ಸಾಲಿನಿಂದ ಮೇಲಕ್ಕೆ ಏರುತ್ತದೆ. ‘ಆರ್’ ಗಿಡ್ಡ. ಹುಳು ತಿಂದಿರುವುದು ಗಿಡ್ಡ ಅಕ್ಷರದಷ್ಟು ಜಾಗವನ್ನು ಮಾತ್ರ, ತೂತಿನ ಮೇಲಿನ ಕಾಗದ ಖಾಲಿ, ಮಸಿಯ ಗೀಟಿನ ತುದಿಯೂ ಇಲ್ಲ. ಆದ್ದರಿಂದ ಕೆಲೂರು ಅಲ್ಲ, ಕೆರೂರು ಆಗಿರಬಹುದು ಎಂದರು. ‘ಆಗಿರಬಹುದು’ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಒಂದು ಪೈಸೆ ತೆಗೆದುಕೊಳ್ಳದೆ, ಕಂಡೇ ಇರದ ಊರಿನ ಹುಡುಗಿಗಾಗಿ ಕಣ್ಣು ನೋಯಿಸಿಕೊಂಡ ಆ ತಾಯಿಗೆ ಶರಣು. ಆ ಎರಡು ಗೆರೆಗಳಿಗಾಗಿ ಇನ್ನೊಮ್ಮೆ ಶರಣು.

ಏಕೆಂದರೆ ಈ ಕೆಲಸದಲ್ಲಿ ‘ಹೌದು’ ಎನ್ನುವವರಿಗೆ ಕೊರತೆಯಿಲ್ಲ. ದುಡ್ಡು ಕೊಟ್ಟರೆ ಪಲ್ಲಕ್ಕಿ ಸಮೇತ ವಂಶ ಬರೆದುಕೊಡುವವರಿದ್ದಾರೆ. ನಮ್ಮ ದೊಡ್ಡಪ್ಪನ ಮಗನಿಗಂತೂ ಎಲ್ಲಾದರೂ ಒಂದು ದೇಸಗತಿ ವಾಡೆ ಸಿಗಲಿ ಎಂಬ ಆಸೆ. ಸೋದರತ್ತೆಗೆ ಇನ್ನೊಂದು ಆಸೆ. ಬಾಸೆಲ್ಲಿನ ಪತ್ರಾಗಾರದವರು ಹಳೆಯ ಫೋಟೋಗಳನ್ನು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲಕ್ಕೆ ಹಾಕಿದ್ದಾರಲ್ಲ, ಅದರಲ್ಲಿ ಸಾಲಾಗಿ ಕೂತ ಹುಡುಗಿಯರೊಳಗೆ ಒಬ್ಬಳ ಗದ್ದ ಥೇಟ್ ನಮ್ಮ ಮನೆಯದು, ಅವಳೇ ಮುತ್ತಜ್ಜಿ ಎಂದು ಪಟ್ಟು ಹಿಡಿದರು. ಫೋಟೋದ ಕೆಳಗೆ ಮಕ್ಕಳ ಹೆಸರಿಲ್ಲ. ‘ಗದ್ದ ನೋಡಿ ವಂಶ ಕಟ್ಟಬ್ಯಾಡ್ರಿ’ ಎಂದು ಆ ಸಂಶೋಧಕರು ನಗುತ್ತಲೇ ಬೈದರು. ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು.

ಇನ್ನು ಹೆಳವರು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದಕ್ಷಿಣದ ಓದುಗರಿಗಾಗಿ ಹೇಳುತ್ತೇನೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರೂರಿಗೆ ಬಂದು, ತಮಗೆ ಸಂಬಂಧಪಟ್ಟ ಮನೆತನಗಳ ಹಿರಿಯರ ಹೆಸರುಗಳನ್ನು ತಲೆತಲಾಂತರದಿಂದ ಹೇಳುತ್ತ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುವವರು. ಈಗ ಬೈಕಿನಲ್ಲೂ ಬರುತ್ತಾರೆ. ಸರ್ಕಾರದ ಕಾಗದ ಇಲ್ಲದ ಕಡೆ ಇವರ ಹೊತ್ತಿಗೆ ಇರುತ್ತದೆ. ಕೆರೂರಿನ ನೇಕಾರ ಮನೆಗಳನ್ನು ನೋಡಿಕೊಳ್ಳುವ ಹೆಳವರೊಬ್ಬರನ್ನು ಹುಡುಕಿಕೊಟ್ಟವರೂ ಅದೇ ತಲಾಟಿಯವರು.

ಕಟ್ಟೆಯ ಮೇಲೆ ಕೂತು ಹೊತ್ತಿಗೆ ಬಿಚ್ಚಿದ ಹೆಳವರು, ಒಂದು ಮನೆಯ ಹೆಸರುಗಳನ್ನು ರಾಗವಾಗಿ ಹೇಳುತ್ತ ಬಂದು ಒಂದು ಕಡೆ ನಿಂತರು. ಒಬ್ಬ ಹುಡುಗನ ಹೆಸರು. ಅವನ ಮುಂದೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ‘ಧಾತು ಬರದಾಗ ಊರು ಬಿಟ್ಟ’ ಎಂದಷ್ಟೇ. ನನಗೆ ಎದೆ ಡವಗುಟ್ಟಿತು. ಅವನಿಗೊಬ್ಬಳು ತಂಗಿ ಇದ್ದಳೇ ಎಂದು ಕೇಳಿದೆ.

‘ನಮ್ಮ ಹೊತ್ತಿಗ್ಯಾಗ ಹೆಣ್ಣಮಕ್ಕಳ ಹೆಸರು ಬರಂಗಿಲ್ಲಬೇ ಯವ್ವಾ. ಇದ್ದಳೋ ಇಲ್ಲೋ, ನಾ ಹೆಂಗ ಹೇಳ್ಲಿ? ಇಲ್ಲದ್ದು ಬರದ್ರ ಇದ್ದದ್ದೂ ಸುಳ್ಳಾಗತೈತಿ’ ಎಂದರು.

ಮಿಶನ್ನಿನ ರಿಜಿಸ್ಟರಿನಲ್ಲಿ ತಂಗಿಯ ಹೆಸರಿದೆ, ಅಣ್ಣನದಿಲ್ಲ. ಹೆಳವರ ಹೊತ್ತಿಗೆಯಲ್ಲಿ ಅಣ್ಣನ ಹೆಸರಿದೆ, ತಂಗಿಯದಿಲ್ಲ. ಎರಡನ್ನೂ ಕೂಡಿಸುವ ಮೂರನೆಯ ಕಾಗದ ಎಲ್ಲೂ ಸಿಕ್ಕಿಲ್ಲ. ಆ ಬರದಲ್ಲಿ ಕೆರೂರಿನಿಂದ ಎಷ್ಟು ಹುಡುಗರು ಹೋದರೋ. ಹೆಳವರು ಮನಸ್ಸು ಮಾಡಿದ್ದರೆ ಆವತ್ತೇ ಒಂದು ಸಾಲು ಸೇರಿಸಿ ನನ್ನನ್ನು ಸಂತೋಷಪಡಿಸಬಹುದಿತ್ತು, ಒಳ್ಳೆಯ ದಕ್ಷಿಣೆಯೂ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಈ ಬರಹದ ದೊಡ್ಡ ನಮಸ್ಕಾರ ಅವರಿಗೆ.

ಹೊತ್ತಿಗೆಯಲ್ಲಿದ್ದ ಆ ಮನೆಯವರು ಇಂದಿಗೂ ಕೆರೂರಿನಲ್ಲಿದ್ದಾರೆ. ಧರ್ಮ ಬೇರೆ, ಪರಿಚಯವಿಲ್ಲ, ಆಸ್ತಿ ಕೇಳಲು ಬಂದವರೆಂದು ಬಾಗಿಲು ಹಾಕಿಕೊಂಡರೂ ತಪ್ಪಿರಲಿಲ್ಲ. ಆ ಮನೆಯ ಅಜ್ಜ ಎಲ್ಲ ಕೇಳಿಸಿಕೊಂಡು, ‘ನೀವು ನಮ್ಮವರು ಹೌದೋ ಅಲ್ಲೋ ಆಮ್ಯಾಲ ನೋಡೂಣು, ಬಿಸಿಲಾಗ ಬಂದೀರಿ, ಮೊದಲ ಊಟ ಮಾಡ್ರಿ’ ಎಂದರು. ಸಜ್ಜೆ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ. ಡಿಎನ್ಎ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ ಎಂದು ಪುಣೆಯ ಅಳಿಯ ಹೇಳುತ್ತಿದ್ದಾನೆ. ಅದು ಆ ಮನೆಯವರ ಮನಸ್ಸಿಗೆ ಬಿಟ್ಟದ್ದು, ನಾವಾಗಿ ಕೇಳಿಲ್ಲ.

ಹುಬ್ಬಳ್ಳಿಯ ಡಿಟಿಪಿ ಹುಡುಗನಿಗೂ ಒಂದು ಥ್ಯಾಂಕ್ಸ್ ಬಾಕಿಯಿದೆ. ವಂಶಾವಳಿಯಲ್ಲಿ ಮುತ್ತಜ್ಜಿಯ ಮೇಲೆ ‘ಕೆರೂರು?’ ಎಂದು ಬರೆದುಕೊಟ್ಟರೆ, ಮೊದಲ ಸಲ ಆ ಪ್ರಶ್ನಾರ್ಥಕ ಚಿಹ್ನೆಯನ್ನು ತಪ್ಪೆಂದು ಅಳಿಸಿದ್ದ. ವಿಷಯ ಹೇಳಿದ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಟ್ಟ.

ಒಂದು ಪ್ರತಿಯನ್ನು ಆ ಸಭೆಯ ಕಪಾಟಿಗೆ, ಒಂದನ್ನು ಕೆರೂರಿನ ಅಜ್ಜನಿಗೆ ಕೊಟ್ಟಿದ್ದೇವೆ. ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ ಕಡೆಯ ಯಾರ ಮನೆಯಲ್ಲಾದರೂ ಹಳೆಯ ಸಭೆಯ ಪುಸ್ತಕ, ಅನಾಥಾಲಯದ ಪಟ್ಟಿ, ನೇಯ್ಗೆ ಕಾರ್ಖಾನೆಯ ಪಗಾರದ ಚೀಟಿ ಇದ್ದರೆ ಮಳೆಗಾಲಕ್ಕೆ ಮುಂಚೆ ಮೊಬೈಲಿನಲ್ಲಾದರೂ ಫೋಟೋ ತೆಗೆದಿಡಿ. ಅಂಚಿನಲ್ಲಿ ಬರೆದದ್ದೂ ಫೋಟೋದಲ್ಲಿ ಬರಲಿ.