ಪೌಡರ್ ಹಾಕದ ಕೇರಂ ಬೋರ್ಡು

ಮಾಟುಂಗಾ, ಮುಂಬಯಿ

ಪ್ರಿಯ ಗೆಳೆಯಾ,

ಗಾಲ್ಫಿನಲ್ಲಿ ಮೂರಡಿಯ ಪಟ್ ಕೂಡ, ಅಂದರೆ ಗುಂಡಿಗೆ ಚೆಂಡು ಉರುಳಿಸುವ ಆ ಪುಟ್ಟ ಹೊಡೆತವೂ ಬೀಳುತ್ತಿಲ್ಲ, ಅದಕ್ಕೆ ಬಳಸುವ ಕೋಲು, ಪಟರ್, ಮಾರಿಬಿಡ್ತೇನೆ ಅಂತ ಬರೆದಿದ್ದೀಯ. ಮಾರಬೇಡ ಮಾರಾಯ. ಮೊದಲು ಅಟ್ಟದಿಂದ ನಿನ್ನ ಹಳೇ ಕೇರಂ ಬೋರ್ಡು ಇಳಿಸು.

ನಗಬೇಡ. ಹೋಟೆಲಿನ ಶಟರ್ ಎಳೆದ ಮೇಲೆ ಮಾಳಿಗೆಯಲ್ಲಿ ನಾವು ಆಡುತ್ತಿದ್ದದ್ದು ನೆನಪಿದೆಯಲ್ಲ? ಅಡಿಗೆ ಭಟ್ರು ಕೂತರೆ ನಮ್ಮ ಸರದಿಯೇ ಬರುತ್ತಿರಲಿಲ್ಲ. ಆ ಮನುಷ್ಯ ಜೋರಾಗಿ ಹೊಡೆದದ್ದನ್ನು ನಾನು ನೋಡಿಯೇ ಇಲ್ಲ. ಕಾಯಿ ಪಾಕೆಟ್ಟಿನ ಬಾಯಿಗೆ ಹೋಗಿ, ಇನ್ನೇನು ನಿಂತಿತು ಅನ್ನುವಾಗ ಒಳಗೆ ಬೀಳುತ್ತಿತ್ತು. ನೀನು ಬೀಸಿ ಹೊಡೆದದ್ದು ಎರಡೂ ಬದಿಗೆ ಬಡಿದು ವಾಪಸು.

ಗ್ರೀನ್ ಮೇಲೂ, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೂ ಅದೇ ಕತೆ. ಗಾಲ್ಫಿನ ಗುಂಡಿ 108 ಮಿ.ಮೀ. ಅಗಲ, ಚೆಂಡು 42.67. ಎರಡೂವರೆ ಪಟ್ಟು ಜಾಗ! ಕೇರಂನಲ್ಲಿ ಪಾಕೆಟ್ 44.5, ಕಾಯಿ ಸುಮಾರು 31. ಒಂದೂವರೆ ಪಟ್ಟೂ ಇಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಆಡಿ ಬೆಳೆದವನಿಗೆ ಇದು ಬಾವಿಯಂತೆ ಕಾಣಬೇಕು. ಆದರೆ ಚೆಂಡಿನ ರಭಸ ಹೆಚ್ಚಿದಷ್ಟೂ ಆ ಬಾವಿ ಕಿರಿದಾಗುತ್ತದೆ. ಮೆಲ್ಲಗೆ ಬಂದದ್ದು ಅಂಚಿನಿಂದಲೂ ಉರುಳಿ ಬೀಳುತ್ತದೆ, ಓಡಿ ಬಂದದ್ದು ನಟ್ಟನಡುವೆ ಸಿಕ್ಕಿದರಷ್ಟೇ. ಹಾಗಂತ ಗುಂಡಿಯ ಈಚೆಗೇ ನಿಂತರೆ ಏನೂ ಬೀಳುವುದಿಲ್ಲ. ತಪ್ಪಿದರೆ ಒಂದಡಿ ಆಚೆ ನಿಲ್ಲುವಷ್ಟು ವೇಗ, ಇದು ನನ್ನ ಲೆಕ್ಕ.

ಮಳೆಗಾಲದಲ್ಲಿ ಬೋರ್ಡು ತೇವ ಹಿಡಿದು ಸ್ಟ್ರೈಕರ್ ಓಡುತ್ತಲೇ ಇರಲಿಲ್ಲವಲ್ಲ, ಆಗ ಭಟ್ರು ಕಾಯಿ ಜೋಡಿಸುವ ಮುಂಚೆ ನಾಲ್ಕು ಸಲ ಬರೀ ಸ್ಟ್ರೈಕರ್ ಬಿಟ್ಟು ನೋಡುತ್ತಿದ್ದರು. ಸಾಹೇಬರ ದೆಸೆಯಿಂದ ಚೆಂಬೂರಿನ ಕೋರ್ಸಿಗೆ ಹೋದಾಗ ಈಗ ನಾನೂ ಹಾಗೇ ಮಾಡುವುದು. ಅಭ್ಯಾಸದ ಗ್ರೀನ್‌ನಲ್ಲಿ ಮೊದಲ 10 ನಿಮಿಷ ಗುಂಡಿಯ ತಂಟೆಗೇ ಹೋಗುವುದಿಲ್ಲ. 10 ಅಡಿ, 20 ಅಡಿ, 30 ಅಡಿಗೆ ಚೆಂಡು ಬಿಟ್ಟು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತೇನೆ. ಬೆಳಿಗ್ಗೆ ಹುಲ್ಲು ಒದ್ದೆಯಿದ್ದಾಗ ಒಂದು ವೇಗ, ಬಿಸಿಲೇರಿದ ಮೇಲೆ ಇನ್ನೊಂದು. ಇಲ್ಲಿ ಪೌಡರ್ ಉದುರಿಸುವುದು ಬಿಸಿಲು.

ಇನ್ನು ಕಣ್ಣು. ಹೊಡೆಯುವಾಗ ಸ್ಟ್ರೈಕರನ್ನು ಯಾರಾದರೂ ನೋಡುತ್ತಾರಾ? ಕಾಯಿಯನ್ನೇ ನೋಡುವುದು. 2015ರ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಗೆದ್ದ ಜೋರ್ಡನ್ ಸ್ಪೀತ್ ಕೂಡ ಚಿಕ್ಕ ಪಟ್‌ಗಳಿಗೆ ಚೆಂಡನ್ನು ನೋಡದೆ ಗುಂಡಿಯನ್ನೇ ನೋಡಿ ಹೊಡೆಯುತ್ತಿದ್ದ. ನಾನೂ ಮಾಡಿ ನೋಡಿದೆ. ನಾಲ್ಕಡಿಯ ತನಕ ಕೈ ನಡುಗುವುದು ನಿಂತಿದೆ. ಅದಕ್ಕಿಂತ ದೂರಕ್ಕೆ ಪಟರಿನ ತುದಿಗೆ ತಾಗಿ ಮರ್ಯಾದೆ ಹೋಯಿತು.

ಒಂದು ಕಡೆ ಮಾತ್ರ ಭಟ್ರ ವಿದ್ಯೆ ಕೈಕೊಡುತ್ತದೆ: ಬೋರ್ಡು ಮಟ್ಟಸ, ಗ್ರೀನ್ ಇಳಿಜಾರು. ಅಲ್ಲಿ ಮೆಲ್ಲಗೆ ಹೋಗುವ ಚೆಂಡು ಹೆಚ್ಚು ವಾಲುತ್ತದೆ, ಹಾಗಾಗಿ ಗುರಿಯನ್ನೂ ಅಷ್ಟು ಮೇಲಕ್ಕೆ ಹಿಡಿಯಬೇಕು. ಇದನ್ನು ಕಲಿಸಿದ್ದು ಕೋಲಿನ ಚೀಲ ಹೊರುವ ಕ್ಯಾಡಿ, ಹಿಂದಿಯಲ್ಲಿ ಬೈದು.

ಡಿಸೆಂಬರಿನಲ್ಲಿ ಬರುವಾಗ ಪಟರ್ ತಾ. ಆ ಬೋರ್ಡಿನ ಸ್ಟ್ರೈಕರ್ ಹುಡುಕಬೇಡ, ಸಿಗುವುದಿಲ್ಲ. ಮಾಟುಂಗಾ ಬಿಟ್ಟು ಹೋಗುವ ದಿನ ನಿನ್ನ ಟ್ರಂಕಿನಿಂದ ತೆಗೆದದ್ದು ನಾನೇ.

ನಿನ್ನವ