ಮೇಜಿನ ಆ ಬದಿ, ಈ ಬದಿ: ನಿವೃತ್ತನಾದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ನಿವೃತ್ತನಾಗಿ ಮೂರು ತಿಂಗಳಾದರೂ ಬೆಳಿಗ್ಗೆ ಒಂಬತ್ತೂವರೆಯಾಯಿತೆಂದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ ಎಂದು ಬರೆದಿದ್ದೀಯ. ಓದಿ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ಮಗ ದೊಡ್ಡ ಟಿ.ವಿ. ತಂದು ಗೋಡೆಗೆ ಹಾಕಿಸಿ, ನಾಲ್ಕಾರು ಓಟಿಟಿಗಳಿಗೆ ವರ್ಷದ ಚಂದಾ ಕಟ್ಟಿ ಹೋಗಿದ್ದಾನೆ. ನೀನೂ ಅತ್ತಿಗೆಯೂ ರಾತ್ರಿ ಊಟ ಮುಗಿಸಿ ಅದರ ಮುಂದೆ ಕುಳಿತರೆ, ಯಾವುದನ್ನು ನೋಡುವುದೆಂದು ರಿಮೋಟು ಒತ್ತುವುದರಲ್ಲೇ ಮುಕ್ಕಾಲು ಗಂಟೆ ಕಳೆದು, ಕೊನೆಗೆ ಏನನ್ನೂ ನೋಡದೆ ದೀಪ ಆರಿಸಿ ಮಲಗುತ್ತೀರಿ. 'ಯಾವುದನ್ನು ನೋಡಬಹುದು, ಯಾವುದನ್ನು ಬಿಡಬಹುದು ಎಂದು ನೀನೇ ಬರೆದು ಕಳುಹಿಸು, ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ' ಎಂದಿದ್ದೀಯ. ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಸರ್ಕಾರಿ ಸುತ್ತೋಲೆಯೆಂದು ತಿಳಿಯಬೇಡ; ಒಪ್ಪಿಗೆಯಾಗದಿದ್ದರೆ ಆಕ್ಷೇಪಣೆ ಬರೆದು ಹಿಂದಿರುಗಿಸಲು ನಿನಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲಿಗೆ ನನ್ನ ಅಳತೆಗೋಲನ್ನು ಹೇಳಿಬಿಡುತ್ತೇನೆ. ಚಿತ್ರದಲ್ಲಿರುವ ಮನುಷ್ಯರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಆ ಕೆಲಸ ಅವರ ಮೈಯನ್ನೂ ಮಾತನ್ನೂ ಹೇಗೆ ತಿದ್ದಿದೆ ಎಂಬುದು ಕಾಣಿಸಿದರೆ ನಾನು ಉಳಿದ ಎಷ್ಟೋ ತಪ್ಪುಗಳನ್ನು ಕ್ಷಮಿಸುತ್ತೇನೆ. ನಾಯಕ ದಿನವಿಡೀ ಬೈಕಿನಲ್ಲಿ ತಿರುಗುತ್ತ, ಪೆಟ್ರೋಲಿಗೆ ದುಡ್ಡು ಎಲ್ಲಿಂದ ಬಂತೆಂಬುದು ಕೊನೆಯವರೆಗೂ ತಿಳಿಯದಿದ್ದರೆ ಅರ್ಧ ಗಂಟೆಯಲ್ಲೇ ನನ್ನ ಗಮನ ಅಡುಗೆಮನೆಯ ಸದ್ದಿನ ಕಡೆಗೆ ಹೋಗುತ್ತದೆ.

ಈ ಲೆಕ್ಕದಲ್ಲಿ ನೀನು ಮೊದಲು ನೋಡಬೇಕಾದದ್ದು ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ'. ಈರೇಗೌಡರ ಜೊತೆ ಸೇರಿ ಕಥೆ ಕಟ್ಟಿ, ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಹಳ್ಳಿಯವರನ್ನೇ ಇಟ್ಟುಕೊಂಡು ತೆಗೆದ ಚಿತ್ರವಿದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ನೂರು ದಾಟಿದ ಸೆಂಚುರಿ ಗೌಡ ದಾರಿಬದಿಯಲ್ಲಿ ಕುಳಿತು, ಹೋಗುವ ಬರುವ ಎಲ್ಲರನ್ನೂ ಅವರವರ ಹಳೆಯ ಲೆಕ್ಕ ತೆಗೆದು ಬೈಯುತ್ತಿದ್ದವನು, ಎದ್ದು ನಾಲ್ಕು ಹೆಜ್ಜೆ ನಡೆದು ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಬಾಡೂಟ ಹಾಕಿಸಬೇಕು. ಸತ್ತವನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ. ಬೀಡಿ, ಒಂದು ಕ್ವಾರ್ಟರು, ನಡೆಯಲು ದಾರಿ ಇದ್ದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ತಾತನ ಜಮೀನು ಮಾರುವ ಅವಸರ. ಅದಕ್ಕಾಗಿ ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಕಂದಾಯ ಕಚೇರಿಗಳ ವ್ಯವಹಾರವನ್ನು ಬಲ್ಲ ನಿನಗೆ ಆ ಮರಣಪತ್ರದ ಪ್ರಸಂಗದಲ್ಲಿ ನಮಗೆ ಕಾಣದ ಹತ್ತು ಸಂಗತಿಗಳು ಕಂಡಾವು.

ನಾನು ಈ ಚಿತ್ರವನ್ನು ನೋಡಿದಾಗ ಪಕ್ಕದ ಸೀಟಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರಿದ್ದರು. ಗೌಡ ಬೈಯುವಾಗ ಇಡೀ ಚಿತ್ರಮಂದಿರ ನಗುತ್ತಿದ್ದರೆ ಅವರು ಮಾತ್ರ, ಪರಿಚಯದವರು ಎದುರಾದಾಗ ತಲೆಯಾಡಿಸುವಂತೆ ತಲೆಯಾಡಿಸುತ್ತಿದ್ದರು. ಕೊನೆಗೆ, ಕುರಿಗಾಹಿಗಳ ಬಿಡಾರದಲ್ಲಿ ರಾತ್ರಿ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಕಥೆಯನ್ನು ಯಾರದೋ ಕಥೆಯೆಂಬಷ್ಟು ತಣ್ಣಗೆ ಹೇಳುವ ದೃಶ್ಯ ಬಂದಾಗ, ಅವರು ಹೆಗಲ ಮೇಲಿನ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕುಳಿತರು. ಅಷ್ಟು ಹೊತ್ತು ಹಾಸ್ಯವೆಂದು ನೋಡಿದ್ದೆಲ್ಲ ಆ ಒಂದು ದೃಶ್ಯದಿಂದ ಹಿಂದಕ್ಕೆ ಬೇರೆ ಬಣ್ಣ ಪಡೆಯುತ್ತದೆ. ಈ ಚಿತ್ರವನ್ನು ಎರಡು ಸಲ ನೋಡಿದರೂ ನಷ್ಟವಿಲ್ಲ. ಬೈಗುಳ ಧಾರಾಳವಾಗಿದೆ, ಅತ್ತಿಗೆಗೆ ಮೊದಲೇ ಹೇಳಿಬಿಡು.

'ಬಂಗಾರದ ಮನುಷ್ಯ'ವನ್ನು ಮತ್ತೆ ನೋಡಬಹುದೇ ಎಂದು ಕೇಳಿದ್ದೀಯ. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ನಮ್ಮ ಬಾಲ್ಯದ ಪುರಾಣಗಳಲ್ಲೊಂದು. ಮನೆಯೊಳಗಿನ ಕಣ್ಣೀರು, ಮುನಿಸು, ಆರೋಪಗಳ ಭಾಗ ಈಗ ಉದ್ದವೆನಿಸುತ್ತದೆ, ಅಲ್ಲಿ ನೀನು ಎದ್ದುಹೋಗಿ ನೀರು ಕುಡಿದು ಬರಬಹುದು. ಆದರೆ ರಾಜಕುಮಾರ್ ಅವರ ರಾಜೀವ ಬಂಡೆಗಲ್ಲಿನ ನೆಲವನ್ನು ಹೊಲ ಮಾಡುತ್ತೇನೆಂದು ಹೊರಡುವ ಭಾಗಕ್ಕೆ ಐವತ್ತು ವರ್ಷ ಕಳೆದರೂ ಮುಪ್ಪು ಬಂದಿಲ್ಲ. ಸಾಲ ಮಾಡಬೇಕು, ಕಲ್ಲು ಒಡೆಯಬೇಕು, ನೀರು ಸಿಗುವವರೆಗೆ ಊರವರ ನಗೆಯನ್ನು ಸಹಿಸಬೇಕು. ದುಡಿಮೆಯನ್ನೇ ಕಥೆಯ ಕುತೂಹಲವನ್ನಾಗಿ ಮಾಡಿದ ನಿರ್ದೇಶಕ ಸಿದ್ಧಲಿಂಗಯ್ಯನವರ ಧೈರ್ಯಕ್ಕೆ, ಟಿ.ಕೆ. ರಾಮರಾಯರ ಕಾದಂಬರಿಯ ಬೆನ್ನೆಲುಬಿಗೆ ಈಗಲೂ ಕೈಮುಗಿಯಬಹುದು.

ಇದರ ಪಕ್ಕದಲ್ಲಿ 'ಕೆ.ಜಿ.ಎಫ್.' ಚಿತ್ರಗಳನ್ನಿಟ್ಟು ನೋಡಿದಾಗಲೇ ನನ್ನ ತಕರಾರು ಏನೆಂದು ನನಗೆ ಸ್ಪಷ್ಟವಾದದ್ದು. ಮೇಕಿಂಗಿನ ಬಿಗಿಯನ್ನು ಅಲ್ಲಗಳೆಯುವಂತಿಲ್ಲ, 2018ರಲ್ಲಿ ಮೊದಲ ಭಾಗ ಬಂದ ಮೇಲೆ ಕನ್ನಡ ಚಿತ್ರರಂಗಕ್ಕೆ ಹೊರರಾಜ್ಯಗಳಲ್ಲಿ ಸಿಕ್ಕ ಮರ್ಯಾದೆಯೂ ಸಣ್ಣದಲ್ಲ. ಆದರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರು ಇಳಿದು ಚಿನ್ನ ತೆಗೆದ ಊರಿನ ಹೆಸರನ್ನು ತಲೆಯ ಮೇಲೆ ಹೊತ್ತ ಚಿತ್ರದಲ್ಲಿ, ಆ ಇಳಿಯುವ ಕೆಲಸ ಹೇಗಿತ್ತೆಂಬುದೇ ಇಲ್ಲ. ಇರುವುದು ಯಶ್ ಬಂದು ಬಿಡುಗಡೆ ಮಾಡಲೆಂದು ಕಾಯುವ ಮಸಿ ಬಳಿದ ಮುಖಗಳ ಗುಂಪು. ಮೊಮ್ಮಕ್ಕಳು ಬಂದಾಗ ಸದ್ದು ಸ್ವಲ್ಪ ತಗ್ಗಿಸಿ ಹಾಕಿಕೊಡು. ನೀನು ಪಕ್ಕದಲ್ಲಿ ಕುಳಿತು ಪತ್ರಿಕೆ ಓದು.

ಅನಂತ್ ನಾಗ್ ಎಂದರೆ ಅತ್ತಿಗೆಗೆ ಎಲ್ಲ ಕೆಲಸ ಮರೆತುಹೋಗುತ್ತದೆಂದು ಬಲ್ಲೆ. ಅವರಿಗಾಗಿ ಎರಡು ಹೇಳುತ್ತೇನೆ. 1995ರ 'ಬೆಳದಿಂಗಳ ಬಾಲೆ'ಯಲ್ಲಿ ಅವರು ಚದುರಂಗದ ಗ್ರ್ಯಾಂಡ್ ಮಾಸ್ಟರ್. ಫೋನಿನಲ್ಲಿ ಮಾತ್ರ ಕೇಳಿಸುವ ಹೆಣ್ಣುದನಿಯೊಂದು, ತನ್ನನ್ನು ಹುಡುಕಿ ಬಾ ಎಂದು ಸವಾಲು ಹಾಕುತ್ತದೆ. ಸುನಿಲ್ ಕುಮಾರ್ ದೇಸಾಯಿ ಆಕೆಯ ಮುಖವನ್ನು ನಮಗೆ ತೋರಿಸದೆ ಇಡೀ ಚಿತ್ರವನ್ನು ನಡೆಸಿದ್ದಾರೆ. ಕರೆ ಮಾಡಿದವರ ಹೆಸರು, ಚಿತ್ರ ಎಲ್ಲವೂ ಫೋನು ಬಡಿದುಕೊಳ್ಳುವ ಮೊದಲೇ ಕಾಣಿಸುವ ಈ ಕಾಲದವರಿಗೆ ಆ ಹುಡುಕಾಟ ವಿಚಿತ್ರವೆನಿಸಬಹುದು, ಟ್ರಂಕ್ ಕಾಲ್ ಬುಕ್ ಮಾಡಿ ಕಾದಿದ್ದ ನಮಗೆ ಹಾಗಾಗದು. ಎರಡನೆಯದು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಮರೆವಿನ ರೋಗ ಹತ್ತಿದ ವೆಂಕೋಬರಾವ್ ಕಳೆದುಹೋಗುತ್ತಾರೆ, ಅಪ್ಪನೊಂದಿಗೆ ಸಮಾಧಾನವಾಗಿ ಎರಡು ಮಾತಾಡದಿದ್ದ ಮಗ ಹುಡುಕಲು ಹೊರಡುತ್ತಾನೆ. ರೌಡಿಗಳ ಭಾಗ ಬೇರೆ ಯಾವುದೋ ಚಿತ್ರದಿಂದ ತಪ್ಪಿ ಬಂದಂತಿದೆ, ಅದಿಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಮಾತಿನ ಮಧ್ಯೆ ಎಳೆ ತಪ್ಪಿ, ತಪ್ಪಿದ್ದು ತಮಗೇ ತಿಳಿದು, ತಿಳಿದದ್ದನ್ನು ಮುಚ್ಚಿಡಲು ಅನಂತ್ ನಾಗ್ ನಗುವ ಆ ನಗುವನ್ನು ನೋಡಲಿಕ್ಕಾದರೂ ಕುಳಿತುಕೊಳ್ಳಿ. ನನ್ನ ತಂದೆ ಕೊನೆಯ ವರ್ಷಗಳಲ್ಲಿ ಹಾಗೆಯೇ ನಗುತ್ತಿದ್ದರು.

ಹೊಸಬರ ಚಿತ್ರಗಳಲ್ಲಿ 'ಲೂಸಿಯಾ' ಒಂದು ಸಲಕ್ಕೆ ಚೆನ್ನಾಗಿದೆ. ನೂರಕ್ಕೂ ಹೆಚ್ಚು ಜನರಿಂದ ಹಣ ಕೂಡಿಸಿ ಪವನ್ ಕುಮಾರ್ 2013ರಲ್ಲಿ ತೆರೆಗೆ ತಂದ ಈ ಚಿತ್ರದ ನಾಯಕ, ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ. ಆ ಭಾಗವೆಲ್ಲ ಸೊಗಸು. ಎರಡನೆಯ ಸಲ ನೋಡಿದರೆ ಮಾತ್ರ ಉತ್ತರ ಗೊತ್ತಿರುವ ಲೆಕ್ಕವನ್ನು ಮತ್ತೆ ಬಿಡಿಸಿದಂತಾಗುತ್ತದೆ. 'ಉಳಿದವರು ಕಂಡಂತೆ'ಯನ್ನು ಪೂರ್ತಿ ನೋಡುವ ತಾಳ್ಮೆ ನಿನಗಿರಲಾರದು. ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳುತ್ತ ಹೋಗುತ್ತಾರೆ, ನೀನು ಮಧ್ಯದಲ್ಲಿ ನಿದ್ದೆಹೋಗಿ ಎದ್ದರೆ ಮತ್ತೆ ದಾರಿ ಸಿಗುವುದಿಲ್ಲ. ಆದರೂ ಮಲ್ಪೆಯ ಕಡಲು, ಮೀನುಗಾರರ ಮಾತು, ಅಜನೀಶ್ ಲೋಕನಾಥರ ಸಂಗೀತದೊಡನೆ ಬರುವ ಹುಲಿವೇಷ ಇವುಗಳಿಗಾಗಿ ಎಚ್ಚರವಿದ್ದಷ್ಟು ಹೊತ್ತು ನೋಡು.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಬೇರೆ ಜಾತಿಯದು. 1977ರಲ್ಲಿ ಅವರು ಮಾಡಿದ ಮೊದಲ ಚಿತ್ರವೇ ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆಯಿತು. ಕೆಲಕಾಲದ ಹಿಂದೆ ಪ್ರತಿಯನ್ನು ಹೊಸದಾಗಿ ಶುದ್ಧಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅನಂತಮೂರ್ತಿಯವರ ಕಥೆಯನ್ನು ನಾವಿಬ್ಬರೂ ಓದಿದ್ದೇವೆ, ಆದ್ದರಿಂದ ಏನಾಗುತ್ತದೆಂಬುದು ಗೊತ್ತು. ಗೊತ್ತಿದ್ದೂ ವೇದಪಾಠಕ್ಕೆ ಬಂದ ಪುಟ್ಟ ನಾಣಿ ಯಮುನಕ್ಕನ ಬೆನ್ನಿಗೆ ಬೆನ್ನಾಗಿ ಓಡಾಡುವುದನ್ನು ನೋಡುವಾಗ, ಅವನಿಗಿಂತ ಮೊದಲೇ ನಮಗೆ ಅರ್ಥವಾಗುತ್ತಿರುವುದಕ್ಕೆ ನಮ್ಮ ಮೇಲೆಯೇ ಸಿಟ್ಟು ಬರುತ್ತದೆ. ಕಪ್ಪುಬಿಳುಪು, ನಿಧಾನ, ಮಾತು ಕಡಿಮೆ. ರಾತ್ರಿ ಊಟವಾದ ಮೇಲೆ ಹಾಕಬೇಡ. ಮಧ್ಯಾಹ್ನ, ಫೋನನ್ನು ಒಳಕೋಣೆಯಲ್ಲಿಟ್ಟು ಬಂದು ನೋಡು.

ಈಗ ನಿನಗೆಂದೇ ಎತ್ತಿಟ್ಟುಕೊಂಡಿರುವ ಎರಡು ಚಿತ್ರಗಳ ಮಾತು. ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ದೂರದರ್ಶನದ ಪ್ರಾದೇಶಿಕ ಚಿತ್ರವಾಗಿ 'ತಬರನ ಕಥೆ' ಬಂದದ್ದು ನೆನಪಿದೆಯೇ? ಕಾಸರವಳ್ಳಿಯವರೇ ತೇಜಸ್ವಿಯವರ ಕಥೆಯಿಂದ ಮಾಡಿದ ಚಿತ್ರವದು. 1986ನೆಯ ಸಾಲಿನ ಸ್ವರ್ಣಕಮಲವೂ, ತಬರನಾಗಿದ್ದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದಿದ್ದವು. ಬ್ರಿಟಿಷರ ಕಾಲದಲ್ಲಿ ಜವಾನನಾಗಿ ಸೇರಿ, ಸ್ವತಂತ್ರ ಭಾರತದಲ್ಲಿ ನಿವೃತ್ತನಾದವನು ತಬರ. ಸಕ್ಕರೆ ರೋಗದಿಂದ ಕೊಳೆಯುತ್ತಿರುವ ಹೆಂಡತಿಯ ಕಾಲಿನ ಚಿಕಿತ್ಸೆಗೆ ಪಿಂಚಣಿ ಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಕಾಲಿನ ಗಾಯ ಮೇಲಕ್ಕೆ ಏರುತ್ತದೆ. ಅಂದು ಅರ್ಧದಷ್ಟು ಹುಡುಗರು ಎದ್ದುಹೋಗಿದ್ದರು. ಕೊನೆಯವರೆಗೂ ಕುಳಿತಿದ್ದ ನೀನು ಮೆಟ್ಟಿಲಿಳಿಯುತ್ತ, 'ಇಷ್ಟೆಲ್ಲ ಆಗುವುದಿಲ್ಲ ಮಾರಾಯ, ಸಿನಿಮಾದವರು ಸ್ವಲ್ಪ ಹೆಚ್ಚು ಮಾಡುತ್ತಾರೆ' ಎಂದಿದ್ದೆ. ಅದಾದ ಎರಡನೆಯ ವರ್ಷಕ್ಕೆ ನಿನಗೆ ಸರ್ಕಾರಿ ಕೆಲಸ ಸಿಕ್ಕಿತು.

ಇನ್ನೊಂದು ಜಪಾನಿನದು, ಅಕಿರಾ ಕುರೊಸಾವಾ ಅವರ 1952ರ 'ಇಕಿರು'. ಹೆಸರಿನ ಅರ್ಥ 'ಬದುಕುವುದು' ಎಂದು. ಇದು ಮೇಜಿನ ಆ ಬದಿಯಲ್ಲಿ ಕುಳಿತವನ ಕಥೆ. ಸುಮಾರು ಮೂವತ್ತು ವರ್ಷ ರಜೆಯನ್ನೇ ಹಾಕದೆ ಕಾಗದಗಳಿಗೆ ಮೊಹರು ಒತ್ತುತ್ತ ಕುಳಿತ ನಗರಾಡಳಿತದ ಅಧಿಕಾರಿ ವತನಾಬೆಗೆ, ಹೊಟ್ಟೆಯ ಕ್ಯಾನ್ಸರಿನಿಂದ ತಾನು ಉಳಿಯುವುದಿಲ್ಲವೆಂದು ತಿಳಿಯುತ್ತದೆ. ಚಿತ್ರದ ಆರಂಭದಲ್ಲಿ ಬಡ ಹೆಂಗಸರ ಗುಂಪೊಂದು, ತಮ್ಮ ಕೇರಿಯ ಕೊಳಚೆ ಹೊಂಡವನ್ನು ಮುಚ್ಚಿಸಿ, ಅಲ್ಲಿ ಮಕ್ಕಳಿಗೊಂದು ಉದ್ಯಾನ ಮಾಡಿಸಿ ಎಂದು ಅರ್ಜಿ ಹಿಡಿದು ಬರುತ್ತದೆ. ಒಂದು ವಿಭಾಗ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕಳುಹಿಸಿ, ಊರೆಲ್ಲ ಸುತ್ತಿದ ಮೇಲೆ ಹೊರಟ ಕಿಟಕಿಗೇ ಅವರು ಬಂದು ನಿಲ್ಲುತ್ತಾರೆ. ಭಾಷೆ ಬಾರದಿದ್ದರೂ ನಿನಗೆ ಅಲ್ಲಿನ ಒಂದೊಂದು ಮುಖವೂ ಪರಿಚಿತ. ಸಾಯುವ ಮೊದಲು ಆ ಒಂದು ಅರ್ಜಿಯನ್ನಾದರೂ ಮುಗಿಸಬೇಕೆಂದು ವತನಾಬೆ ಹೊರಡುತ್ತಾನೆ.

ಬೇರೆಯವರಾಗಿದ್ದರೆ ಅವನ ಹೋರಾಟವನ್ನೆಲ್ಲ ಸಾಲಾಗಿ ತೋರಿಸಿ, ಕೊನೆಗೆ ಚಪ್ಪಾಳೆ ಹೊಡೆಸುತ್ತಿದ್ದರು. ಕುರೊಸಾವಾ ಅವನನ್ನು ನಡುವೆಯೇ ಸಾಯಿಸಿ, ಉಳಿದದ್ದನ್ನು ಸಾವಿನ ಮನೆಯಲ್ಲಿ ಸೇರಿದ ಸಹೋದ್ಯೋಗಿಗಳ ಬಾಯಲ್ಲಿ ಹೇಳಿಸುತ್ತಾರೆ. ಅಮಲೇರಿದಂತೆ ಅವರು ಆ ಉದ್ಯಾನ ಯಾರಿಂದ ಆಯಿತೆಂದು ವಾದಿಸುತ್ತಾರೆ, ಅಳುತ್ತಾರೆ, ನಾಳೆಯಿಂದ ನಾವೂ ಅವನಂತೆಯೇ ದುಡಿಯೋಣವೆಂದು ಆಣೆ ಮಾಡುತ್ತಾರೆ. ಮರುದಿನ ಕಚೇರಿ ತೆರೆಯುತ್ತದೆ, ಹೊಸ ಅರ್ಜಿಯೊಂದು ಬರುತ್ತದೆ, ಅದನ್ನು ಪಕ್ಕದ ವಿಭಾಗಕ್ಕೆ ಕಳುಹಿಸುತ್ತಾರೆ. ಹಿಮ ಬೀಳುವ ರಾತ್ರಿ ತಾನು ಮಾಡಿಸಿದ ಉದ್ಯಾನದ ಉಯ್ಯಾಲೆಯ ಮೇಲೆ ಕುಳಿತು ಹಾಡಿಕೊಳ್ಳುವ ತಕಾಶಿ ಶಿಮುರಾ ಅವರನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ನನಗೆ ಮಾತ್ರ ಆ ಮರುದಿನದ ಕಚೇರಿಯ ದೃಶ್ಯವೇ ಹೆಚ್ಚು ಕಾಡಿದೆ. 2022ರಲ್ಲಿ ಇಂಗ್ಲಿಷಿನಲ್ಲಿ ಇದೇ ಕಥೆಯನ್ನು ಲಂಡನ್ನಿಗೆ ಒಯ್ದು ಚೊಕ್ಕಟವಾಗಿ ಮಾಡಿದ್ದಾರೆ. ಸಮಯ ಕಡಿಮೆಯಿದ್ದವರಿಗೆ ಅದಾದೀತು, ನಿನಗೀಗ ಸಮಯಕ್ಕೇನು ಬರ.

'ಇಕಿರು'ವನ್ನು ಈ ವಾರವೇ ನೋಡು. 'ತಬರನ ಕಥೆ'ಯನ್ನು ಈಗ ನೋಡಬೇಡ. ಸೇವಾ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ ಎಂಬ ಕಾರಣಕ್ಕೆ ನಿನ್ನ ಪಿಂಚಣಿಯ ಕಡತ ಎರಡನೆಯ ಸಲ ವಾಪಸಾಗಿದೆಯೆಂದು ಪತ್ರದ ಕೊನೆಯಲ್ಲಿ, ಏನೂ ಅಲ್ಲವೆಂಬಂತೆ ಒಂದೇ ಸಾಲಿನಲ್ಲಿ ಬರೆದಿದ್ದೀಯ. ಅಂತಹ ಆಕ್ಷೇಪಣೆಗಳನ್ನು ನೀನೂ ಎಷ್ಟೋ ಬರೆದಿರಬಹುದು, ಅದನ್ನು ನಾನು ಕೇಳುವುದಿಲ್ಲ. ಆದೇಶ ಕೈಗೆ ಬಂದ ದಿನ ಫೋನ್ ಮಾಡು, ಸಂಜೆಯ ಬಸ್ಸಿಗೆ ನಾನೇ ಹೊರಟು ಬರುತ್ತೇನೆ, ತಬರನನ್ನು ಇಬ್ಬರೂ ಕುಳಿತು ನೋಡೋಣ. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಳೆಯ ಗೆಳೆಯ

ಮರೆತಿದ್ದೆ: ಕಡತವನ್ನು ಮತ್ತೆ ಸಲ್ಲಿಸುವ ಮೊದಲು ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿಸಿಟ್ಟುಕೊ, ಸ್ವೀಕೃತಿಯ ಮೇಲೆ ಮೊಹರು ಒತ್ತಿಸಿಕೊಳ್ಳದೆ ಅಲ್ಲಿಂದ ಕದಲಬೇಡ.